ಹದ

ಒಪ್ಪಂದ ನಾನೂರ ಹನ್ನೆರಡು ಪುಟ. ನೀಲಿ ರಟ್ಟು.
ಪುಟಪುಟಕ್ಕೂ ಎರಡೆರಡು ಸಹಿ.
ಟ್ಯಾಂಕಿನ ಸುತ್ತಳತೆ ಇದೆ, ಉಕ್ಕಿನ ಜಾತಿ ಇದೆ,
ಜಗಳ ಬಿದ್ದರೆ ಯಾವ ಊರಿನ ಕೋರ್ಟಿಗೆ ಹೋಗಬೇಕೆಂದು
ಹದಿನಾಲ್ಕು ಪುಟ ಇದೆ.
ನೊರೆ ಉಕ್ಕಿದರೆ ಏನು ಮಾಡಬೇಕೆಂದು
ಒಂದು ಸಾಲೂ ಇಲ್ಲ.

ನಾನು ಎಡೆಮ್. ತೇಮಾ ಬಂದರಿನ ಹಿಂದೆ
ಇನ್ಸುಲಿನ್ ಕಾರ್ಖಾನೆಯಲ್ಲಿ ದಾಖಲೆ ಬರೆಯುವವನು.
ಐದನೆಯ ಬ್ಯಾಚು: ನೊರೆ. ಆರನೆಯದು: ನೊರೆ.
ಏಳನೆಯದು ರಾತ್ರಿ ಎರಡೂವರೆಗೆ
ಮುಚ್ಚಳದ ಸಂದಿಯಿಂದ ಹಾಲು ಉಕ್ಕಿದ ಹಾಗೆ ಉಕ್ಕಿ
ಹೊಸ ನೆಲದ ಮೇಲೆ ಹರಿಯಿತು.
ನಾವು ಎಂಟು ಜನ ಪೊರಕೆ ಹಿಡಿದೆವು.
ಮೀನು ಸುಡುವ ಹೊಗೆ ನುಸುಳದಂತೆ ಕಟ್ಟಿದ ಕೋಣೆ;
ಆ ಬೆಳಿಗ್ಗೆ ಅಲ್ಲಿ ಬರೀ ಹುಳಿ ವಾಸನೆ.

"ಎಲ್ಲಿ ತಪ್ಪಿದೆವು?" ಸೆಲಾಸಿ ಕೇಳಿದಳು.
ಕಂಪನಿ ಕಳಿಸಿದ ಶ್ಟೆಡ್ಲರ್ ಕನ್ನಡಕ ಒರೆಸಿಕೊಂಡ.
ಮೂವತ್ತು ವರ್ಷ ಟ್ಯಾಂಕುಗಳ ನಡುವೆಯೇ ನರೆತವನು.
"ಅದು ಅನುಬಂಧದಲ್ಲಿಲ್ಲ," ಎಂದ.
ಸುಳ್ಳು ಹೇಳುವವನ ಮುಖವಲ್ಲ ಅದು,
ಬಾಯಿಗೆ ಬೀಗ ಹಾಕಿಸಿಕೊಂಡವನ ಮುಖ;
ಬೀಗದ ಕೈ ಸಾವಿರಾರು ಮೈಲಿ ಆಚೆ.

ಭಾನುವಾರ ಸೆಲಾಸಿಯ ಚಿಕ್ಕಮ್ಮನ ಮನೆಯಲ್ಲಿ ಊಟ.
ಆಬ್ಲಾ ತಿರುವಿದ ಬಂಕು, ಮೆಣಸಿನ ಗೊಜ್ಜು, ಸುಟ್ಟ ಟಿಲಾಪಿಯಾ.
ಎರಡು ಉಂಡೆ ಮುಗಿಸಿ ಅವನು ಕೇಳಿದ:
"ಹಿಟ್ಟು ಎಷ್ಟು ಗ್ರಾಂ? ನೀರೆಷ್ಟು? ಎಷ್ಟು ನಿಮಿಷ?"
ಆಬ್ಲಾ ನಕ್ಕಳು. "ಹೇಳೋದಲ್ಲ ಅದು.
ಹಿಡಿ ಕೋಲು."
ಹಿಡಿದ. ಮೊಣಕಾಲ ನಡುವೆ ಮಡಕೆ, ಹಣೆಯಲ್ಲಿ ಬೆವರು,
ಹಿಟ್ಟೆಲ್ಲ ಗಂಟು ಗಂಟು.
ಅವನ ಮುಷ್ಟಿಯ ಮೇಲೆ ತನ್ನ ಮುಷ್ಟಿಯಿಟ್ಟು
ಆಬ್ಲಾ ತಿರುವಿದಳು, ತಿರುವಿದಳು,
ಕೋಲು ಭಾರವಾಗಿ, ಭಾರವಾಗಿ, ತಟ್ಟನೆ ಹಗುರಾದದ್ದು
ಅವನ ಮೊಣಕೈಗೆ ತಿಳಿಯಿತು. ನಾನು ನೋಡಿದೆ.

ಎಂಟನೆಯ ಬ್ಯಾಚು. ಹದಿನೇಳನೆಯ ತಾಸು.
ಮಾಪಕಗಳೆಲ್ಲ ಸರಿಯಿದೆ, ಸರಿಯಿದೆ ಎನ್ನುತ್ತಿದ್ದವು.
ಶ್ಟೆಡ್ಲರ್ ಮಾತಾಡಲಿಲ್ಲ. ಬಂದು
ಟ್ಯಾಂಕಿನ ಹೊಟ್ಟೆಗೆ ಅಂಗೈ ಇಟ್ಟು ನಿಂತ,
ಗಬ್ಬದ ಹಸುವಿನ ಪಕ್ಕೆ ಮುಟ್ಟಿ ನೋಡುವವರ ಹಾಗೆ.
ಸೆಲಾಸಿಯ ಕೈ ಹಿಡಿದು ಅಲ್ಲೇ ಇಡಿಸಿದ.
ನಡುಕ ಬದಲಾಯಿತು. ಗಾಳಿಯ ವಾಲ್ವನ್ನು
ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ.
ನೊರೆ ಕುಳಿತಿತು.
"ನಾನು ಏನೂ ಹೇಳಲಿಲ್ಲ," ಎಂದ,
ಯಾವುದೋ ಕಟಕಟೆಯಲ್ಲಿ ನಿಂತವನಂತೆ.
ಶುಕ್ರವಾರದ ವಿಮಾನಕ್ಕೆ ಹೋದ.

ಮುನ್ನೂರರವತ್ತನೆಯ ಪುಟದಲ್ಲಿ ಒಂದು ಮಾತಿದೆ:
ಇಲ್ಲಿ ಯಾರಾದರೂ ಏನಾದರೂ ಸುಧಾರಿಸಿದರೆ
ಆ ಸುಧಾರಣೆ ಕಂಪನಿಯದು, ಪುಕ್ಕಟೆ, ಎಂದೆಂದಿಗೂ.
ಸೆಲಾಸಿ ಈಗ ಕಾಲು ಸುತ್ತಿಗಿಂತ
ಒಂದು ಕೂದಲೆಳೆ ಕಮ್ಮಿ ತಿರುಗಿಸುತ್ತಾಳೆ;
ನಮ್ಮ ಕಡಲಿನ ಉಬ್ಬೆಗೆ ಅಷ್ಟೇ ಸರಿ.
"ಎಡೆಮ್, ಆ ಕಾಲಂ ಖಾಲಿ ಬಿಡು," ಎಂದಳು.
ಬಿಟ್ಟೆ. ಹನ್ನೊಂದು ಬ್ಯಾಚು ಬಿಟ್ಟೆ.
ಸೀಸೆಯ ಮೇಲಿನ ಹೆಸರು ಅವರದೇ.
ಸಕ್ಕರೆ ಕಾಯಿಲೆಯ ನನ್ನಪ್ಪನಿಗೆ
ಹೆಸರು ಓದುವಷ್ಟು ಕಣ್ಣಿಲ್ಲ; ಔಷಧಿ ಸಿಕ್ಕಿದರೆ ಸಾಕು.

ಹಾರ್ಮಟಾನ್ ಧೂಳು ಬೀಸುವ ತಿಂಗಳಲ್ಲಿ ಒಂದು ಕರೆ.
ಕೊಟೊನುವಿನಿಂದ, ಫಿಫಾಮೆ ಎಂಬ ಹುಡುಗಿ.
ಅವರಿಗೂ ಕಾರ್ಖಾನೆ, ಅವರಿಗೂ ನೀಲಿ ರಟ್ಟು.
ಅರ್ಧ ಫ್ರೆಂಚು, ಅರ್ಧ ಸೆಲಾಸಿಯ ಅಜ್ಜಿಯ ಮಾತು:
"ಅಕ್ಕಾ, ನೊರೆ ಉಕ್ಕುತ್ತಿದೆ."
ಸೆಲಾಸಿ ಬಾಯಿ ತೆರೆದಳು. "ಅದು..." ಎಂದಳು.
"ಅದು ಅನುಬಂಧದಲ್ಲಿ..."
ತನ್ನ ದನಿ ತನಗೇ ಕೇಳಿಸಿ ನಿಂತಳು.

ಗಾಜಿನಾಚೆ ಟ್ಯಾಂಕು ಸಣ್ಣಗೆ ನಡುಗುತ್ತಿತ್ತು.
ತಂತಿಯಲ್ಲಿ ಅಂಗೈ ಕಳಿಸಲು ಬರುವುದಿಲ್ಲ.
ಕೊಟೊನುವಿಗೆ ಬಸ್ಸು ಎಷ್ಟು ಹೊತ್ತಿಗೆಂದು
ಅವಳು ನನ್ನನ್ನು ಕೇಳಿದ್ದು
ಎಷ್ಟೋ ಹೊತ್ತಿನ ಮೇಲೆ, ದೀಪ ಆರಿಸುತ್ತ.
ಆ ದಿನದ ಕಾಲಂ ಕೂಡ
ಖಾಲಿಯೇ ಇದೆ.